ಎಂಜಿನ್ ಆಯಿಲ್‌ ಜೊತೆಗೆ ಇನ್ನೊಂದು ಬಾಟಲಿ ಸುರಿಯಬೇಕೆ?

ಪ್ರಶ್ನೆ (ದಾವಣಗೆರೆಯ ಸದಸ್ಯರು):
ನಮಸ್ಕಾರ ಸರ್. ನನ್ನ ಬಳಿ 2013ರ ಮಾದರಿಯ, 1.2 ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರಿದೆ. ಇದುವರೆಗೆ 98,000 ಕಿಲೋಮೀಟರ್ ಓಡಿದೆ. ಕಳೆದ ಎರಡು ಸರ್ವಿಸ್‌ಗಳ ನಡುವೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಳಗಿನ ಗೆರೆಯ ಹತ್ತಿರಕ್ಕೆ ಇಳಿದಿತ್ತು. ಗಾಡಿ ನಿಲ್ಲಿಸುವ ಜಾಗದಲ್ಲಿ ಹನಿ ಬಿದ್ದ ಗುರುತೇನೂ ಇಲ್ಲ. ಗ್ಯಾರೇಜಿನವರು, ಎಂಜಿನ್ ಹಳೆಯದಾದ್ದರಿಂದ ಪ್ರತಿ ಸರ್ವಿಸ್‌ನಲ್ಲೂ ಆಯಿಲ್ ಜೊತೆ ಒಂದು ಅಡಿಟಿವ್ ಬಾಟಲಿ ಹಾಕಿದರೆ ಆಯಿಲ್ ಕುಡಿಯುವುದು ನಿಲ್ಲುತ್ತದೆ, ಸದ್ದು ತಗ್ಗುತ್ತದೆ, ಮೈಲೇಜೂ ಹೆಚ್ಚುತ್ತದೆ ಎನ್ನುತ್ತಿದ್ದಾರೆ. ಬಾಟಲಿಯ ಬೆಲೆ ಆಯಿಲ್ ಬೆಲೆಯ ಅರ್ಧದಷ್ಟಿದೆ. ಹಾಕಿಸಬಹುದೇ, ಹಾಕಿಸಿದರೆ ತೊಂದರೆ ಇದೆಯೇ, ದಯವಿಟ್ಟು ತಿಳಿಸಿ.

ಉತ್ತರ:
ನಮಸ್ಕಾರ. ಹಾಕಿಸಬೇಡಿ ಎಂಬುದೇ ನನ್ನ ಉತ್ತರ. ಆದರೆ ಕಾರಣ ಹೇಳದೆ ಬೇಡವೆಂದರೆ ಅದು ಗ್ಯಾರೇಜಿನವರು ಕಾರಣ ಹೇಳದೆ ಬೇಕೆಂದ ಹಾಗೆಯೇ ಆಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಂಗಡಿಯಲ್ಲಿ ಸಿಗುವ ಎಂಜಿನ್ ಆಯಿಲ್ ಬರಿಯ ಎಣ್ಣೆಯಲ್ಲ. ಕಾರಿನ ಆಯಿಲ್‌ನಲ್ಲಿ ಸುಮಾರು ಶೇಕಡಾ 10ರಿಂದ 25ರಷ್ಟು ಭಾಗ ತಯಾರಕರೇ ಬೆರೆಸಿರುವ ಅಡಿಟಿವ್ ಆಗಿರುತ್ತದೆ. ಲೋಹಕ್ಕೆ ಅಂಟಿದ ಕಿಟ್ಟವನ್ನು ಬಿಡಿಸಿ ಆಮ್ಲವನ್ನು ತಣಿಸಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಆಧಾರಿತ ಡಿಟರ್ಜೆಂಟ್, ಬಿಡಿಸಿದ ಮಸಿ ಒಂದೆಡೆ ಗಡ್ಡೆ ಕಟ್ಟದೆ ಎಣ್ಣೆಯಲ್ಲೇ ತೇಲುವಂತೆ ನೋಡಿಕೊಳ್ಳಲು ಡಿಸ್ಪರ್ಸೆಂಟ್, ಸವೆತ ತಡೆಯಲು ಸತುವು (ಜಿಂಕ್) ಮತ್ತು ರಂಜಕ ಸೇರಿದ ಸಂಯುಕ್ತ, ಎಣ್ಣೆ ಗಾಳಿಯೊಡನೆ ಸೇರಿ ಕೆಡದಂತೆ ಇನ್ನೊಂದು, ನೊರೆ ಬಾರದಂತೆ ಮತ್ತೊಂದು, ಬಿಸಿಯಾದಾಗ ಎಣ್ಣೆ ತೀರಾ ನೀರಾಗದಂತೆ ಪಾಲಿಮರ್, ಹೀಗೆ ಪಟ್ಟಿ ಉದ್ದವಿದೆ. ಗಮನಿಸಬೇಕಾದ ಸಂಗತಿಯೆಂದರೆ, ಇವುಗಳಲ್ಲಿ ಹಲವು ಕೆಲಸ ಮಾಡಬೇಕಾದರೆ ಲೋಹದ ಮೇಲ್ಮೈಯನ್ನು ಹಿಡಿದುಕೊಳ್ಳಬೇಕು, ಮತ್ತು ಆ ಜಾಗಕ್ಕಾಗಿ ಅವು ಪರಸ್ಪರ ಪೈಪೋಟಿ ಮಾಡುತ್ತವೆ. ತಯಾರಕರು ಪರೀಕ್ಷಾ ಎಂಜಿನ್‌ಗಳನ್ನು ಗಂಟೆಗಟ್ಟಲೆ ಓಡಿಸಿ ಈ ಪೈಪೋಟಿಯಲ್ಲಿ ಒಂದು ಹದ ಕಂಡುಕೊಂಡಿರುತ್ತಾರೆ. ಅದರ ಮೇಲೆ ನಾವು ಅಳತೆಯಿಲ್ಲದೆ ಇನ್ನೊಂದು ರಾಸಾಯನಿಕ ಸುರಿದರೆ, ಒಂದು ಗುಣ ಹೆಚ್ಚಿ ಇನ್ನೊಂದು ಕುಗ್ಗಬಹುದು. ಹದವಾಗಿ ಕುದಿದ ಸಾರಿಗೆ ರುಚಿ ನೋಡದೆಯೇ ಮತ್ತೊಂದು ಹಿಡಿ ಉಪ್ಪು ಹಾಕಿದಂತೆ.

ಇನ್ನು ನಿಮಗೆ ಸೂಚಿಸಿರುವ ಬಾಟಲಿ. ಆಯಿಲ್ ಕುಡಿಯುವುದನ್ನು ನಿಲ್ಲಿಸುತ್ತದೆ ಎಂದು ಮಾರುವ ದ್ರವಗಳಲ್ಲಿ ಬಹುಪಾಲು ಜೋನಿ ಬೆಲ್ಲದಂತೆ ಮಂದವಾಗಿರುತ್ತವೆ. ಅವುಗಳಲ್ಲಿರುವುದು ಮುಖ್ಯವಾಗಿ ಎಣ್ಣೆಯನ್ನು ಗಟ್ಟಿ ಮಾಡುವ ಪಾಲಿಮರ್. ಎಣ್ಣೆ ಗಟ್ಟಿಯಾದರೆ ಸವೆದ ಸಂದಿಗಳಲ್ಲಿ ನುಸುಳುವುದು ಕಡಿಮೆಯಾಗುತ್ತದೆ, ವಾಲ್ವ್ ತಳ್ಳುವ ಟ್ಯಾಪೆಟ್ಟಿನ ಸದ್ದೂ ಅಡಗುತ್ತದೆ, ಮಾಲೀಕನಿಗೆ ಸಮಾಧಾನವಾಗುತ್ತದೆ. ಆದರೆ 5ಡಬ್ಲ್ಯು-30 ಎಂಬ ತೆಳು ದರ್ಜೆಯ ಆಯಿಲ್‌ಗಾಗಿ ವಿನ್ಯಾಸಗೊಂಡ ಎಂಜಿನ್ನಿನಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಆ ಗಟ್ಟಿ ಎಣ್ಣೆ ಎಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ವರೆಗೆ ಏರಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಪಂಪ್ ಹೆಚ್ಚು ಶ್ರಮಪಡಬೇಕಾಗುವುದರಿಂದ ಮೈಲೇಜು ಏರುವ ಮಾತಂತೂ ದೂರವೇ ಉಳಿಯಿತು. ಹೆಚ್ಚುವರಿ ಪಾಲಿಮರ್ ಬಿಸಿಗೆ ಸಿಕ್ಕಿ ಪಿಸ್ಟನ್ ರಿಂಗ್ ಕೂರುವ ತೋಡಿನಲ್ಲಿ ಕರಕಲಾಗಿ ಕೂತರೆ ರಿಂಗ್ ಹಿಡಿದುಕೊಂಡು, ಆಯಿಲ್ ಕುಡಿಯುವುದು ಮೊದಲಿಗಿಂತ ಹೆಚ್ಚಾಗಬಹುದು. ಹಳೆಯ ಗಾಡಿ ಮಾರುವ ದಲ್ಲಾಳಿಗಳಿಗೆ ಈ ಬಾಟಲಿ ಏಕೆ ಇಷ್ಟವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬಾಟಲಿಗೆ ಕೊಡುವ ಹಣಕ್ಕಿಂತ ಮೊದಲು, ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಿರಿ. ಸಮತಟ್ಟಾದ ಜಾಗದಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ, ಮೇಲಿನ ಗೆರೆಯವರೆಗೆ ಆಯಿಲ್ ತುಂಬಿಸಿ ಮೀಟರ್ ಬರೆದುಕೊಳ್ಳಿ. ಸರಿಯಾಗಿ 1,000 ಕಿಲೋಮೀಟರ್ ಓಡಿಸಿ, ಅದೇ ಜಾಗದಲ್ಲಿ ಅದೇ ರೀತಿ ನೋಡಿ, ಮತ್ತೆ ಮೇಲಿನ ಗೆರೆಗೆ ತರಲು ಎಷ್ಟು ಮಿಲಿಲೀಟರ್ ಬೇಕಾಯಿತೆಂದು ಅಳೆಯಿರಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಎರಡು ಗೆರೆಗಳ ನಡುವಿನ ಅಂತರ ಸುಮಾರು ಒಂದು ಲೀಟರಿನಷ್ಟಿರುತ್ತದೆ. 10,000 ಕಿಲೋಮೀಟರಿಗೆ ಅಷ್ಟು ಇಳಿದಿದ್ದರೆ 98,000 ಓಡಿದ ಎಂಜಿನ್ನಿಗೆ ಅದೇನೂ ಗಾಬರಿಪಡುವ ಲೆಕ್ಕವಲ್ಲ. ಈ ನಡುವೆ ಸೈಲೆನ್ಸರಿನ ಹೊಗೆ ಯಾವಾಗ ಆಯಿಲ್ ಉರಿದು ನೀಲಿಯಾಗುತ್ತದೆ ಎಂಬುದನ್ನೂ ಗಮನಿಸಿ ಇಲ್ಲಿಯೇ ಬರೆಯಿರಿ. ಜೊತೆಗೆ, ಎಂಜಿನ್ನಿನ ತಳದಲ್ಲಿ ಸೇರುವ ಆವಿಯನ್ನು ಹದವಾಗಿ ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವ್ ತೆಗೆಸಿ ನೋಡಿಸಿ. ಬೆಲೆ ಕಡಿಮೆಯ ಭಾಗವಾದರೂ ಅದು ಕಟ್ಟಿಕೊಂಡರೆ ಅಥವಾ ತೆರೆದೇ ಉಳಿದರೆ ಎಣ್ಣೆಯ ಆವಿ ನೇರವಾಗಿ ಎಂಜಿನ್ನಿನೊಳಗೆ ಹೋಗಿ ಉರಿಯುತ್ತದೆ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ಸರ್, ಒಂದು ವಸ್ತುಪ್ರದರ್ಶನದಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ತಿರುಗುವ ಉಕ್ಕಿನ ಚಕ್ರಕ್ಕೆ ಬೇರಿಂಗ್ ಒತ್ತಿ ಹಿಡಿದಾಗ ಒಳ್ಳೆಯ ಕಂಪನಿಯ ಆಯಿಲ್ ಇದ್ದರೂ ಯಂತ್ರ ಕಿರುಚಿ ನಿಂತುಹೋಯಿತು. ಅದಕ್ಕೇ ಕೆಲವು ಹನಿ ಅಡಿಟಿವ್ ಹಾಕಿದಾಗ ಎಷ್ಟು ಭಾರ ಹೇರಿದರೂ ಸರಾಗವಾಗಿ ತಿರುಗಿತು. ಇದಕ್ಕೆ ತಾವು ಏನು ಹೇಳುತ್ತೀರಿ?

ಉತ್ತರ:
ತಾವು ಕಂಡದ್ದು ಸುಳ್ಳಲ್ಲ, ಆದರೆ ಅದು ಎಂಜಿನ್ನಿನ ಪರೀಕ್ಷೆಯಲ್ಲ. ಆ ಯಂತ್ರದಲ್ಲಿ ಎರಡು ಲೋಹಗಳು ಸಣ್ಣದೊಂದು ಬಿಂದುವಿನಲ್ಲಿ ಅತಿಯಾದ ಒತ್ತಡದಿಂದ ಉಜ್ಜುತ್ತವೆ. ಗೇರ್ ಆಯಿಲ್ ಮತ್ತು ಗ್ರೀಸಿನ ಗುಣ ನೋಡಲು ಇಂಥ ಪರೀಕ್ಷೆಗಳಿವೆ, ಏಕೆಂದರೆ ಗೇರಿನ ಹಲ್ಲುಗಳು ಹಾಗೆ ಉಜ್ಜುವುದುಂಟು. ಎಂಜಿನ್ನಿನಲ್ಲಿ ಪಿಸ್ಟನ್ ತಿರುಗಿಸುವ ಮುಖ್ಯ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್ ಹಾಗಲ್ಲ. ಕ್ರ್ಯಾಂಕ್‌ಶಾಫ್ಟ್ ತಿರುಗುತ್ತಿರುವಾಗ ಅದು ಎಣ್ಣೆಯನ್ನು ತನ್ನ ಜೊತೆಗೇ ಸಂದಿಯೊಳಕ್ಕೆ ಎಳೆದುಕೊಂಡು, ಆ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಲೋಹಕ್ಕೆ ಲೋಹ ತಾಗುವುದಿಲ್ಲ. ಮಳೆಯಲ್ಲಿ ವೇಗವಾಗಿ ಹೋಗುವ ಕಾರಿನ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ಏರುವುದೂ ಇದೇ ತತ್ತ್ವದಿಂದ. ಲೋಹಗಳು ತಾಗಬಹುದಾದ ಕ್ಯಾಮ್, ಟ್ಯಾಪೆಟ್‌ನಂಥ ಕಡೆಗಳಿಗಾಗಿಯೇ ಆಯಿಲ್‌ನೊಳಗೆ ಜಿಂಕ್ ಸಂಯುಕ್ತವಿದೆ.

ಅತಿ ಒತ್ತಡದ ಆ ಪ್ರದರ್ಶನವನ್ನು ಗೆಲ್ಲಲು ಬಹಳ ಸುಲಭದ ದಾರಿಯೆಂದರೆ ಕ್ಲೋರಿನ್ ಸೇರಿದ ಪ್ಯಾರಾಫಿನ್. ಅದು ಉಜ್ಜುವ ಜಾಗದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ; ಆದರೆ ಎಂಜಿನ್ನಿನ ಶಾಖ ಮತ್ತು ತೇವ ಸೇರಿದಾಗ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಬೇರಿಂಗನ್ನು ತಿನ್ನಬಲ್ಲದು. ಮೇಳದ ಮೇಜಿನ ಮೇಲೆ ಎರಡು ನಿಮಿಷದಲ್ಲಿ ಅದು ಕಾಣುವುದಿಲ್ಲ.

ಇಂಥ ಹೇಳಿಕೆಗಳು ಕಾನೂನಿನ ಮುಂದೆ ಬಂದ ಉದಾಹರಣೆಯೂ ಇದೆ. ಟೆಫ್ಲಾನ್ ಎಂದು ನಾವು ಕರೆಯುವ ಪಿಟಿಎಫ್‌ಇ ಪುಡಿಯನ್ನು ಬೆರೆಸಿದ ಸ್ಲಿಕ್ 50 ಎಂಬ ಅಡಿಟಿವ್ ಅಮೆರಿಕದಲ್ಲಿ ಬಹಳ ಮಾರಾಟವಾಗುತ್ತಿತ್ತು. ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ ಎಂಜಿನ್ನಿಗೆ ರಕ್ಷಣೆಯೇ ಇರುವುದಿಲ್ಲ ಎಂಬಂತಹ ಅದರ ಜಾಹೀರಾತುಗಳು ಸುಳ್ಳು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹೂಡಿತು. ಕೈಪಿಡಿಯಲ್ಲಿ ಹೇಳಿದ ಆಯಿಲ್ ಬಳಸಿದರೆ ಹೆಚ್ಚಿನ ಎಂಜಿನ್‌ಗಳಿಗೆ ಸಾಕಷ್ಟು ರಕ್ಷಣೆ ಇದ್ದೇ ಇರುತ್ತದೆ ಎಂಬುದು ಆಯೋಗದ ವಾದ. 1997ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು, ಆಧಾರವಿಲ್ಲದ ಹೇಳಿಕೆಗಳನ್ನು ಕಂಪನಿ ಕೈಬಿಡಬೇಕಾಯಿತು. ಅದರ ನಂತರ ಬೇರೆ ಕೆಲವು ಅಡಿಟಿವ್ ತಯಾರಕರ ಮೇಲೂ ಆಯೋಗ ಇದೇ ಬಗೆಯ ಕ್ರಮ ಕೈಗೊಂಡಿತು.

ಪ್ರಶ್ನೆ (ಶಿರಸಿಯ ಸದಸ್ಯರು):
ಕಾರಿನ ಮಾತಾಯಿತು. ನನ್ನ 150 ಸಿಸಿ ಬೈಕಿಗೆ ಗೆಳೆಯನೊಬ್ಬನ ಮಾತು ಕೇಳಿ ಘರ್ಷಣೆ ಕಡಿಮೆ ಮಾಡುವ ಅಡಿಟಿವ್ ಹಾಕಿದೆ. ಎಂಜಿನ್ ನುಣುಪಾಗಿದೆ, ಆದರೆ ಏರುದಾರಿಯಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಮಾತ್ರ ಏರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಏನು ಮಾಡಲಿ?

ಉತ್ತರ:
ಕ್ಲಚ್ ಜಾರುತ್ತಿದೆ. ತಮ್ಮ ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಎಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಎಂಜಿನ್ನಿಗೆ ಘರ್ಷಣೆ ಬೇಡ, ಕ್ಲಚ್ಚಿಗೆ ಘರ್ಷಣೆಯೇ ಜೀವ. ಈ ಕಾರಣಕ್ಕಾಗಿಯೇ ಜಪಾನಿನವರು 1998ರಲ್ಲಿ ಜಾಸೋ ಎಂಬ ಗುಣಮಟ್ಟ ತಂದು, ಇಂಥ ಬೈಕುಗಳಿಗೆ ಎಂಎ ದರ್ಜೆಯನ್ನೂ, ಒಣ ಕ್ಲಚ್ಚಿನ ಸ್ಕೂಟರುಗಳಿಗೆ ಎಂಬಿ ದರ್ಜೆಯನ್ನೂ ಗೊತ್ತುಮಾಡಿದರು. ನಮ್ಮ ಅಂಗಡಿಗಳ ಬೈಕ್ ಆಯಿಲ್ ಡಬ್ಬಿಯ ಹಿಂಬದಿಯಲ್ಲಿ ಈ ಅಕ್ಷರಗಳಿರುತ್ತವೆ, ಆದರೆ ನಾವು ಮುಂಬದಿಯ ಚಿತ್ರ ನೋಡಿ ಕೊಳ್ಳುತ್ತೇವೆ.

ಈಗಲೇ ಆ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಕೈಪಿಡಿಯಲ್ಲಿ ಹೇಳಿದ ದಪ್ಪದ ಎಂಎ2 (ಎಂಎಯಲ್ಲೇ ಕ್ಲಚ್ ಹಿಡಿತ ಹೆಚ್ಚಿರುವ ದರ್ಜೆ) ಆಯಿಲ್ ಹಾಕಿ 200–300 ಕಿಲೋಮೀಟರ್ ಓಡಿಸಿ, ಮತ್ತೊಮ್ಮೆ ಇಳಿಸಿ ಹೊಸದು ತುಂಬಿಸಿ. ಬೇಗ ಎಚ್ಚೆತ್ತಿದ್ದರೆ ಪ್ಲೇಟ್ ಸರಿಹೋಗುವ ಸಾಧ್ಯತೆ ಹೆಚ್ಚು. ಜಾರುತ್ತಲೇ ಓಡಿಸಿದ್ದರೆ ಪ್ಲೇಟ್ ಸುಟ್ಟಿರುತ್ತದೆ, ಆಗ ಬದಲಿಸದೆ ಗತಿಯಿಲ್ಲ.

ಪ್ರಶ್ನೆ (ಸೋಮವಾರಪೇಟೆಯ ಸದಸ್ಯರು):
ನಮ್ಮ ತೋಟದಲ್ಲಿ ಹಳೆಯ ಡೀಸೆಲ್ ಜೀಪೊಂದಿದೆ, ಮನೆಗೆ ಹೊಸದಾಗಿ ಬಿಎಸ್6 ಡೀಸೆಲ್ ಗಾಡಿ ಬಂದಿದೆ. ಹಳೆಯ ಎಂಜಿನ್‌ಗಳಿಗೆ ಈಗಿನ ಆಯಿಲ್‌ನಲ್ಲಿ ಜಿಂಕ್ ಸಾಲದು, ಅದನ್ನು ಬೇರೆಯಾಗಿ ಹಾಕಬೇಕು ಎಂದು ಓದಿದ್ದೇನೆ. ಎರಡಕ್ಕೂ ಹಾಕಬಹುದೇ?

ಉತ್ತರ:
ತಾವು ಓದಿದ್ದರಲ್ಲಿ ಸತ್ಯಾಂಶವಿದೆ. ಜಿಂಕ್ ಸಂಯುಕ್ತದಲ್ಲಿರುವ ರಂಜಕವು ಸೈಲೆನ್ಸರಿನಲ್ಲಿ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವುದರಿಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಗೊತ್ತುಮಾಡಿದ ಈಗಿನ ಎಸ್‌ಎನ್, ಎಸ್‌ಪಿ ದರ್ಜೆಯ 5ಡಬ್ಲ್ಯು-30ರಂಥ ತೆಳು ಆಯಿಲ್‌ಗಳಲ್ಲಿ ರಂಜಕ ಶೇಕಡಾ 0.08 ಮೀರುವಂತಿಲ್ಲ. ಹಳೆಯ ಕಾಲದ ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್ನಿಗೆ ಇದು ಕಡಿಮೆಯೆಂಬ ವಾದ ನ್ಯಾಯವಾದದ್ದೇ. ಆದರೆ ಪರಿಹಾರ ಬಾಟಲಿಯಲ್ಲಿಲ್ಲ. ಜೀಪಿಗೆ ಪೆಟ್ರೋಲ್ ಕಾರಿನ ಆಯಿಲ್ ಹಾಕದೆ, ಎಪಿಐ ಸಿಐ-4 ದರ್ಜೆಯ 15ಡಬ್ಲ್ಯು-40 ಡೀಸೆಲ್ ಆಯಿಲ್ ಹಾಕಿದರೆ ಸವೆತ ತಡೆಯುವ ವಸ್ತು ಅದರಲ್ಲೇ ಬೇಕಾದಷ್ಟಿರುತ್ತದೆ, ಅದೂ ಹದ ತಪ್ಪದೆ.

ಹೊಸ ಗಾಡಿಗೆ ಮಾತ್ರ ಒಂದು ಹನಿಯನ್ನೂ ಹಾಕಬೇಡಿ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕವಿದೆ. ಅದರಲ್ಲಿ ಸಿಕ್ಕಿಬಿದ್ದ ಮಸಿಯನ್ನು ಗಾಡಿಯೇ ಆಗಾಗ ಸುಟ್ಟುಹಾಕುತ್ತದೆ, ಆದರೆ ಸತುವು, ಕ್ಯಾಲ್ಸಿಯಂನಂಥ ಲೋಹಗಳಿಂದ ಬರುವ ಬೂದಿ ಸುಡುವುದಿಲ್ಲ. ಅಲ್ಲೇ ಉಳಿದು ದಾರಿ ಕಟ್ಟುತ್ತದೆ. ಆದ್ದರಿಂದಲೇ ಇಂಥ ಗಾಡಿಗಳಿಗೆ ಯುರೋಪಿನ ವಾಹನ ತಯಾರಕರ ಸಂಘ ಎಸಿಇಎಯ ಸಿ3 ದರ್ಜೆಯಂಥ ಕಡಿಮೆ ಬೂದಿಯ ಆಯಿಲ್ ಹೇಳಿರುತ್ತಾರೆ. ಅದರಲ್ಲಿ ಸಲ್ಫೇಟೆಡ್ ಬೂದಿಯ ಮಿತಿ ಶೇಕಡಾ 0.8. ಡಿಪಿಎಫ್ ಬದಲಿಸುವ ಖರ್ಚನ್ನು ಒಮ್ಮೆ ಷೋರೂಮಿನಲ್ಲಿ ವಿಚಾರಿಸಿದವರು ಬಾಟಲಿಯ ಯೋಚನೆ ಮಾಡುವುದಿಲ್ಲ.

ಹಾಗೆಂದು ಅಡಿಟಿವ್ ಎಂದರೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಒಂದು ಚಕ್ರ ಜಾರಿದಾಗಲೂ ಇನ್ನೊಂದಕ್ಕೆ ಶಕ್ತಿ ಕಳಿಸುವ ಕೆಲವು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗಳಿಗೆ ಗಾಡಿಯ ತಯಾರಕರೇ ಒಂದು ಘರ್ಷಣೆ ಮಾರ್ಪಡಿಸುವ ದ್ರವವನ್ನು ಸೂಚಿಸುತ್ತಾರೆ; ಅದನ್ನು ಹಾಕಲೇಬೇಕು. ಒಣಗಿ ಗಟ್ಟಿಯಾದ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸಿ ಸೋರಿಕೆ ತಗ್ಗಿಸುವ ದ್ರವಗಳೂ ಒಂದಿಷ್ಟು ದಿನ ಕೆಲಸ ಮಾಡುತ್ತವೆ. ಕೊಯ್ಲಿನ ನಡುವೆ ಜೀಪ್ ಬಿಚ್ಚಿಡಲು ಆಗದಿದ್ದರೆ ಹಾಕಿ, ಕೊಯ್ಲು ಮುಗಿದ ಮೇಲೆ ಸೀಲ್ ಬದಲಿಸಿ.

ಪ್ರಶ್ನೆ (ಅದೇ ಸದಸ್ಯರು):
ಆಯಿಲ್ ಬದಲಿಸುವ ಮುನ್ನ ಎಂಜಿನ್ ಫ್ಲಶ್ ಹಾಕಿ ತೊಳೆಯಬಹುದೇ?

ಉತ್ತರ:
ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್ನಿಗೆ ಅದು ಬೇಕಾಗಿಲ್ಲ. ವರ್ಷಗಟ್ಟಲೆ ಅಲಕ್ಷ್ಯ ಮಾಡಿದ ಎಂಜಿನ್ನಿಗೆ ಅಪಾಯಕಾರಿ, ಏಕೆಂದರೆ ಒಮ್ಮೆಲೇ ಕಳಚಿದ ಜಿಡ್ಡು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಬಿದ್ದು ಆಯಿಲ್ ಪಂಪಿನ ಜಾಲರಿ ಮುಚ್ಚಿಕೊಂಡರೆ ಬೇರಿಂಗ್‌ಗೆ ಎಣ್ಣೆಯೇ ತಲುಪುವುದಿಲ್ಲ. ಜೀಪಿನೊಳಗೆ ಜಿಡ್ಡಿದೆ ಎನಿಸಿದರೆ ಒಳ್ಳೆಯ ಆಯಿಲನ್ನೇ ಎರಡು ಮೂರು ಬಾರಿ ಅರ್ಧ ಅವಧಿಗೇ ಬದಲಿಸಿ; ಅದರಲ್ಲಿರುವ ಡಿಟರ್ಜೆಂಟ್ ನಿಧಾನವಾಗಿ ತೊಳೆಯುತ್ತದೆ.

ಮೊದಲ ಸದಸ್ಯರಿಂದ ಮುಂದುವರಿಕೆ:
ಸರ್, ತಾವು ಹೇಳಿದಂತೆ ಅಳತೆ ಮಾಡಿದೆ. 1,000 ಕಿಲೋಮೀಟರಿಗೆ 180 ಮಿಲಿಲೀಟರ್ ಬೇಕಾಯಿತು. ಪಿಸಿವಿ ವಾಲ್ವ್ ಸರಿಯಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಹೊಗೆ ಬಂದು ನಿಲ್ಲುತ್ತದೆ. ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ಘಾಟಿ ಇಳಿದು ಕೆಳಗೆ ಆಕ್ಸಿಲರೇಟರ್ ಒತ್ತಿದಾಗಲೂ ಹಿಂದಿನ ಗಾಡಿಯವರು ಹೊಗೆ ಕಂಡರಂತೆ. ಏರು ಹತ್ತುವಾಗ ಹೊಗೆ ಇಲ್ಲ.

ಉತ್ತರ:
ಎಂಜಿನ್ನೇ ಉತ್ತರ ಹೇಳಿಬಿಟ್ಟಿದೆ. ರಿಂಗ್ ಸವೆದಿದ್ದರೆ ಏರಿನಲ್ಲಿ, ಭಾರ ಬಿದ್ದಾಗ ಹೊಗೆ ಕಾಣಬೇಕಿತ್ತು. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಬಂದರೆ ಎಂಜಿನ್ನಿನೊಳಗೆ ಗಾಳಿಯ ಸೆಳೆತ ಹೆಚ್ಚುತ್ತದೆ; ವಾಲ್ವಿನ ಸುತ್ತಲಿನ ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ ಮೇಲಿನ ಎಣ್ಣೆ ವಾಲ್ವಿನ ಕಾಂಡದ ಗುಂಟ ಒಳಗೆ ಇಳಿದು, ಕೆಳಗೆ ತಾವು ಆಕ್ಸಿಲರೇಟರ್ ಒತ್ತಿದೊಡನೆ ಉರಿಯುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕಾಣುವ ಹೊಗೆಗೂ ಅದೇ ಕಾರಣ. ಖಚಿತಪಡಿಸಿಕೊಳ್ಳಲು, ಸಿಲಿಂಡರುಗಳ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಯಾವುದಾದರೂ ಸಿಲಿಂಡರಿನಲ್ಲಿ ಒತ್ತಡ ಕಡಿಮೆ ಕಂಡರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲು ಹೇಳಿ; ಆಗ ಒತ್ತಡ ಏರಿದರೆ ಮಾತ್ರ ರಿಂಗಿನ ಮೇಲೆ ಅನುಮಾನಪಡಬೇಕು.

ನಾಲ್ಕೂ ಸಿಲಿಂಡರುಗಳು ಸಮವಾಗಿದ್ದರೆ ವಾಲ್ವ್ ಸೀಲ್ ಬದಲಿಸಿದರೆ ಸಾಕು. ಪ್ಲಗ್ಗಿನ ತೂತಿನಿಂದ ಸಿಲಿಂಡರಿಗೆ ಗಾಳಿಯ ಒತ್ತಡ ಕೊಟ್ಟು, ವಾಲ್ವ್ ಒಳಗೆ ಬೀಳದಂತೆ ತಡೆದು, ಹೆಡ್ ಇಳಿಸದೆಯೇ ಈ ಕೆಲಸ ಮಾಡಲು ಬರುತ್ತದೆ. ತಮ್ಮ ಮೆಕ್ಯಾನಿಕ್‌ಗೆ ಆ ಅಭ್ಯಾಸವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಹಳೆಯ ಸೀಲುಗಳನ್ನು ಎಸೆಯದೆ ಕೊಡಲು ಹೇಳಿ. ಉಗುರಿನಿಂದ ಒತ್ತಿದಾಗ ಪ್ಲಾಸ್ಟಿಕ್ಕಿನಂತೆ ಬಗ್ಗದೆ ನಿಂತರೆ ಆಯಿಲ್ ಎಲ್ಲಿಗೆ ಹೋಗುತ್ತಿತ್ತು ಎಂಬುದು ತಮಗೇ ತಿಳಿಯುತ್ತದೆ. ಅಲ್ಲಿಯವರೆಗೆ 1,000 ಕಿಲೋಮೀಟರಿಗೊಮ್ಮೆ ಡಿಪ್‌ಸ್ಟಿಕ್ ನೋಡಿ, ಅದೇ ದರ್ಜೆಯ ಆಯಿಲನ್ನೇ ಸೇರಿಸುತ್ತಾ ಬನ್ನಿ.