ಮೊದಲು ಲದ್ದಿ, ಆಮೇಲೆ ಮದ್ದು

ಶಾಮಣ್ಣ ಕಟ್ಟೆಯ ಮೇಲೆ ಕೂರುವ ಮೊದಲೇ ಮೊಬೈಲನ್ನು ನಮ್ಮ ಮೂಗಿನ ಮುಂದೆ ಹಿಡಿದರೆಂದರೆ, ಆ ದಿನ ಯಾರದೋ ಹೊಟ್ಟೆಗೆ ಆಪತ್ತು ಕಾದಿದೆಯೆಂದೇ ಅರ್ಥ. ಹೋದ ವಾರ ಬೇವಿನ ರಸದಿಂದ ಕರುಳು ತೊಳೆಯುವ ವಿಧಾನವನ್ನು ಓದಿ ಹೇಳಿ, ಮೇಷ್ಟ್ರು ಎರಡು ದಿನ ಮನೆಯಿಂದ ಹೊರಬಾರದಂತೆ ಮಾಡಿದ್ದರು. ಈ ವಾರದ ಸರದಿ ಹುಸೇನ್ ಭಾಯಿಯವರ ಜಟಕಾ ಎಳೆಯುವ ಸುಲ್ತಾನನದು.

“ಭಾಯಿ, ಸುಲ್ತಾನನ ಪಕ್ಕೆಲುಬುಗಳನ್ನು ಇಲ್ಲಿಂದಲೇ ಎಣಿಸಬಹುದು. ಇದು ಜಂತುಹುಳುವಿನದೇ ಕೆಲಸ. ಎರಡು ತಿಂಗಳಿಗೊಮ್ಮೆ ತಪ್ಪದೆ ಮದ್ದು ಹಾಕಬೇಕೆಂದು ಇಲ್ಲಿ ಬರೆದಿದೆ. ಯುಗಾದಿಗೆ ಆರಂಭಿಸಿಬಿಡಿ.”

“ಪಕ್ಕೆಲುಬು ಎಣಿಸಿದ್ದಾಯಿತಲ್ಲ, ಇನ್ನು ಮೊಟ್ಟೆ ಎಣಿಸೋಣ” ಎಂದರು ಡಾಕ್ಟ್ರು. ಪಶುವೈದ್ಯರಾಗಿ ನಿವೃತ್ತರಾದ ಅವರಿಗೆ ಪಂಚಾಂಗ ನೋಡಿ ಮದ್ದು ಕೊಡುವವರನ್ನು ಕಂಡರೆ ಮೈ ಉರಿಯುತ್ತದೆ.

“ಕುದುರೆಮೊಟ್ಟೆಯೆಂದು ಕುಂಬಳಕಾಯಿ ಮಾರಿದ ಕತೆ ಕೇಳಿದ್ದೆ. ನಿಜವಾಗಿಯೂ ಇಡುತ್ತದೆಯೇ?” ಮೇಷ್ಟ್ರು ಕೇಳಿದರು.

“ಇಡುವುದು ಕುದುರೆಯಲ್ಲ ಮೇಷ್ಟ್ರೇ, ಅದರ ಕರುಳಿನಲ್ಲಿ ಬಾಡಿಗೆ ಕೊಡದೆ ಕುಳಿತಿರುವ ಹುಳುಗಳು. ಲದ್ದಿಯನ್ನು ತೂಗಿ, ಗಟ್ಟಿ ಉಪ್ಪುನೀರಿನಲ್ಲಿ ಕದಡಿ ಸೋಸಿದರೆ ಮೊಟ್ಟೆಗಳು ಮೇಲೆ ತೇಲುತ್ತವೆ. ಗೆರೆ ಕೊರೆದ ಮೆಕ್‌ಮಾಸ್ಟರ್ ಸ್ಲೈಡಿನಲ್ಲಿ ಹಾಕಿ ಸೂಕ್ಷ್ಮದರ್ಶಕದಡಿ ಎಣಿಸುವುದು. ಬೆಳೆದ ಕುದುರೆಯಲ್ಲಿ ಗ್ರಾಂ ಲದ್ದಿಗೆ 200ಕ್ಕಿಂತ ಕಡಿಮೆಯಿದ್ದರೆ ಕಡಿಮೆಯೆಂದು ಲೆಕ್ಕ. 500 ದಾಟಿದರೆ ಅದು ಮೇದಲ್ಲೆಲ್ಲ ಹುಳು ಹಂಚುವ ದಾನಶೂರ ಕರ್ಣ. ಲಾಯದ ಹತ್ತು ಕುದುರೆಗಳಲ್ಲಿ ಅಂಥವು ಎರಡೇ ಇರುತ್ತವೆ. ಒಟ್ಟು ಮೊಟ್ಟೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಅವುಗಳದೇ. ಆ ಇಬ್ಬರ ಪಾಪಕ್ಕೆ ಹತ್ತೂ ಜನರ ಬಾಯಿಗೆ ಮದ್ದಿನ ಟ್ಯೂಬು ತುರುಕುವುದು ಯಾವ ನ್ಯಾಯ?”

“ಹಾಕಿದರೆ ನಷ್ಟವೇನು?” ಶಾಮಣ್ಣ ಪಟ್ಟು ಬಿಡಲಿಲ್ಲ.

“ಎರಡು ತಿಂಗಳ ಲೆಕ್ಕ 1960ರ ದಶಕದ್ದು, ಶಾಮಣ್ಣನವರೇ. ರಕ್ತನಾಳಕ್ಕೇ ನುಗ್ಗುವ ದೊಡ್ಡ ಸ್ಟ್ರಾಂಗೈಲ್ ಹುಳುವನ್ನು ಹಣಿಯಲು ಹಾಕಿದ ಲೆಕ್ಕ. ಅಂದಿಗೆ ಅದು ಸರಿಯಾಗಿಯೇ ಇತ್ತು. ಈಗಿನ ಗೋಳು ಸಣ್ಣ ಸ್ಟ್ರಾಂಗೈಲ್‌ಗಳದು. ಮತ್ತೆ ಮತ್ತೆ ಮದ್ದು ಹಾಕಿದಾಗ ಸಾಯುವವು ಸತ್ತವು, ಸಾಯದವು ಸಂಸಾರ ಹೂಡಿದವು. ಎಷ್ಟೋ ಕಡೆ ಅವುಗಳ ಮೊಮ್ಮಕ್ಕಳಿಗೆ ಫೆನ್‌ಬೆಂಡಜೋಲ್ ಮದ್ದೆಂದರೆ ಬೆಳಗಿನ ಕಾಫಿಯಷ್ಟೇ. ಐವರ್ಮೆಕ್ಟಿನ್ ಎಂಬ ಇನ್ನೊಂದು ಮದ್ದು ತಂದವರಿಗೆ 2015ರಲ್ಲಿ ನೊಬೆಲ್ ಬಂತು, ಆದರೆ ಕುದುರೆಮರಿಗಳ ದುಂಡುಹುಳು ಆ ನೊಬೆಲ್ಲಿಗೂ ಮರ್ಯಾದೆ ಕೊಡುತ್ತಿಲ್ಲ. ಆದ್ದರಿಂದಲೇ ಮೊದಲು ಲದ್ದಿ, ಆಮೇಲೆ ಮದ್ದು, 14 ದಿನ ಕಳೆದು ಮತ್ತೆ ಲದ್ದಿ. ಮದ್ದು ಕೆಲಸ ಮಾಡಿತೋ ಇಲ್ಲವೋ ಎನ್ನುವುದನ್ನು ಲದ್ದಿಯೇ ಹೇಳಬೇಕು.”

“ಎಲ್ಲ ಹುಳುವೂ ಲದ್ದಿಯಲ್ಲಿ ಸಾಕ್ಷಿ ಹೇಳುತ್ತದೆಯೋ?”

“ಇಲ್ಲ. ಕರುಳಿನ ಗೋಡೆಯೊಳಗೆ ಮುದುರಿ ಮಲಗಿದ ಮರಿಹುಳುಗಳು ಮೊಟ್ಟೆಯಿಡುವುದಿಲ್ಲ, ಎಣಿಕೆಗೂ ಸಿಗುವುದಿಲ್ಲ.”

“ಹಾಗಾದರೆ ನಿಮ್ಮ ಮಾತಿನಲ್ಲಿ ಹುರುಳಿಲ್ಲ!” ಶಾಮಣ್ಣ ತೊಡೆ ತಟ್ಟಿದರು.

“ಅದಕ್ಕೆಂದೇ ವರ್ಷಕ್ಕೆ ಒಂದೆರಡು ಬಾರಿ ಎಲ್ಲ ಕುದುರೆಗೂ ಮದ್ದು ಉಂಟು, ಅದೂ ಎದೆಸುತ್ತು ಅಳೆದು, ತೂಕ ಕಟ್ಟಿ. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಹುಳುವಿಗೆ ಗರಡಿ ಕಲಿಸಿದಂತೆ. ಆರು ಬಾರಿ ಮಾತ್ರ ಬೇಡ.”

ವಾದ ಇಲ್ಲಿಂದ ಡಬ್ಬಿಯ ಕಡೆಗೆ ಹೊರಳಿತು. ಲದ್ದಿ ಬಿಸಿಬಿಸಿಯಾಗಿರುವಾಗಲೇ ಎತ್ತಬೇಕು, ಗಾಳಿಯಾಡದಂತೆ ಮುಚ್ಚಬೇಕು, ಪ್ರಯೋಗಾಲಯ ತೆರೆಯುವವರೆಗೆ ತಣ್ಣಗಿಡಬೇಕು. ಅದು ಶನಿವಾರದ ಸಂಜೆ; ಫ್ರಿಜ್ ಇದ್ದ ಮನೆ ಹತ್ತಿರದಲ್ಲಿ ಶಾಮಣ್ಣನವರದೊಂದೇ. ಸುಲ್ತಾನನು ಅಷ್ಟರಲ್ಲಿ ಬಾಲವೆತ್ತಿ ಸಹಕರಿಸಿಯೂಬಿಟ್ಟಿದ್ದರಿಂದ, ಅವರು ಚಕ್ಕುಲಿ ತಂದಿದ್ದ ಡಬ್ಬಿಯನ್ನು ಬರಿದುಮಾಡದೆ ವಿಧಿಯಿರಲಿಲ್ಲ. ಇಡ್ಲಿ ಹಿಟ್ಟಿನ ಪಕ್ಕದಲ್ಲಿ ಆ ಡಬ್ಬಿ ಹೇಗೆ ಒಂದಿಡೀ ಭಾನುವಾರ ಕಳೆಯಿತು, ಅದನ್ನು ಚಕ್ಕುಲಿಯೆಂದು ತೆರೆದವರು ಯಾರು ಎಂಬುದನ್ನು ಶಾಮಣ್ಣ ಇಂದಿಗೂ ಬಾಯಿಬಿಟ್ಟು ಹೇಳಿಲ್ಲ.

ಮಂಗಳವಾರ ಫಲಿತಾಂಶ ಬಂತು. ಸ್ಲೈಡಿನಲ್ಲಿ ಕಂಡದ್ದು ಎರಡೇ ಮೊಟ್ಟೆ. ಆ ಸ್ಲೈಡಿನ ಲೆಕ್ಕದಂತೆ 50ರಿಂದ ಗುಣಿಸಿದರೆ ಗ್ರಾಂಗೆ 100. ಈ ಬಾರಿ ಮದ್ದು ಬೇಡವೆಂದ ಡಾಕ್ಟ್ರು ಸುಲ್ತಾನನ ತುಟಿ ಎತ್ತಿ ಹಲ್ಲುಗಳನ್ನು ನೋಡಿದರು, ಬೆನ್ನಿನ ಮೇಲೆ ಕೈಯಾಡಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

“ಭಾಯಿ, ದಿನಕ್ಕೆ ಹುರುಳಿ ಎಷ್ಟು ಹಾಕುತ್ತಿದ್ದೀರಿ?”

ಹುಸೇನ್ ಭಾಯಿ ಲಗಾಮಿನ ಚರ್ಮದ ಬಿರುಕನ್ನು ಉಗುರಿನಿಂದ ಕೆರೆಯುತ್ತ ನಿಂತರು. “ದಸರೆಯಲ್ಲಿ ಹೊಟ್ಟೆತುಂಬ ಹಾಕುತ್ತೇನೆ ಸ್ವಾಮಿ. ಅರಮನೆಯ ಸುತ್ತ ಸವಾರಿ ಸಿಕ್ಕ ದಿನವೂ ಹಾಕುತ್ತೇನೆ. ಮಿಕ್ಕ ದಿನ ಹುಲ್ಲು.” ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: “ಹುಳುವೇ ಇದ್ದಿದ್ದರೆ ಚೆನ್ನಾಗಿತ್ತು. ಒಂದು ಟ್ಯೂಬಿನಲ್ಲಿ ಮುಗಿಯುತ್ತಿತ್ತು.”

ಶಾಮಣ್ಣನವರ ಮೊಬೈಲು ಎರಡು ಬಾರಿ ಟಿಣ್ ಎಂದಿತು; ಅವರು ತೆಗೆದು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಅದೇ ಚಕ್ಕುಲಿ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದು ಜಟಕಾದ ಸೀಟಿನ ಮೇಲೆ ಇಟ್ಟರು. ಅಂಚಿನವರೆಗೂ ಹುರುಳಿ ತುಂಬಿತ್ತು.

“ತಪ್ಪು ತಿಳಿಯಬೇಡಿ ಭಾಯಿ. ಈ ಡಬ್ಬಿಯನ್ನು ನಮ್ಮ ಮನೆಯವಳು ಇನ್ನು ಹೊಸಿಲು ದಾಟಿಸುವುದಿಲ್ಲವಂತೆ. ಖಾಲಿ ಡಬ್ಬಿ ಕೊಡುವುದು ಅಪಶಕುನ, ಅಷ್ಟೇ.”