ಬಿಸಿಯಾದರೆ ನಿಂತುಬಿಡುವ ಮಾರುತಿ 800: ಕರೆಂಟೋ, ಪೆಟ್ರೋಲೋ?

ತೀರ್ಥಹಳ್ಳಿ ಹುಡುಗ:
ಅಪ್ಪನ 1996ರ ಮಾರುತಿ 800. ಕಾರ್ಬುರೇಟರ್ ಗಾಡಿ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಮುಕ್ಕಾಲು ಗಂಟೆ ಓಡಿದ ಮೇಲೆ ಪಟ್ ಅಂತ ಆಫ್. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಡುತ್ತದೆ. ಮೊನ್ನೆ ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಎರಡು ಸಲ ಕೈಕೊಟ್ಟಿತು. ಹಿಂದೆ ಬಸ್ಸು, ಪಕ್ಕದಲ್ಲಿ ಅಪ್ಪನ ಬೈಗುಳ. ಕಾರ್ಬುರೇಟರ್ ಕಿಟ್, ಪ್ಲಗ್, ಬ್ಯಾಟರಿ ಎಲ್ಲಾ ಹೊಸದು. ಇನ್ನೇನು ನೋಡಲಿ?

ಕಡಲ ಕರೆ:
ವೇಪರ್ ಲಾಕ್ ಮಾರಾಯ್ರೆ, ಯೋಚನೆಯೇ ಬೇಡ. ಈ ಗಾಡಿಯ ಪೆಟ್ರೋಲ್ ಪಂಪ್ ಇಂಜಿನ್ನಿಗೇ ಅಂಟಿಕೊಂಡಿದೆ. ಘಾಟಿಯಲ್ಲಿ ಫಸ್ಟ್, ಸೆಕೆಂಡ್ ಗೇರಲ್ಲಿ ಹತ್ತುವಾಗ ಇಂಜಿನ್ ಕಾಯುತ್ತದೆ, ಗಾಳಿ ಸಾಲುವುದಿಲ್ಲ. ಪೈಪಿನಲ್ಲೇ ಪೆಟ್ರೋಲ್ ಆವಿಯಾದರೆ ಪಂಪ್ ಏನನ್ನು ಎಳೆಯಬೇಕು? ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ. ನಾನು ಚಾರ್ಮಾಡಿಯಲ್ಲಿ ಎಷ್ಟೋ ಸಲ ಹಾಗೇ ಮಾಡಿದ್ದೇನೆ.

ಪಾಯಿಂಟ್ಸ್ ಅಣ್ಣ:
ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಬಾನೆಟ್ ತೆರೆದಿಟ್ಟರೆ ಪಂಪ್ ಒಂದೇ ಅಲ್ಲ, ಎಲ್ಲಾ ತಣ್ಣಗಾಗುತ್ತದೆ. ಅದರಿಂದ ಏನು ಗೊತ್ತಾಯಿತು? ಹುಡುಗ "ಪಟ್ ಅಂತ" ಎಂದು ಬರೆದಿದ್ದಾನೆ, ಗಮನಿಸಿ. ಪೆಟ್ರೋಲ್ ಸಾಲದಿದ್ದರೆ ಗಾಡಿ ಸಾಮಾನ್ಯವಾಗಿ ಕೆಮ್ಮುತ್ತದೆ, ಪಿಕಪ್ ಬಿಡುತ್ತದೆ, ಆಮೇಲೆ ನಿಲ್ಲುತ್ತದೆ. ಕೀ ತಿರುಗಿಸಿದ ಹಾಗೆ ನಿಂತರೆ ನನ್ನ ಕಣ್ಣು ಮೊದಲು ಇಗ್ನಿಷನ್ ಕಾಯಿಲ್ ಮೇಲೆ, ಅಂದರೆ ಬ್ಯಾಟರಿಯ ವೋಲ್ಟೇಜನ್ನು ಪ್ಲಗ್ ಕಿಡಿಗೆ ಬೇಕಾದಷ್ಟು ಏರಿಸುವ ಭಾಗದ ಮೇಲೆ. ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಗ್ಯಾರೇಜಿನಲ್ಲಿ ತಣ್ಣಗಿರುವಾಗ ಮೀಟರ್ ಹಿಡಿದರೆ ಸರಿಯಾಗೇ ತೋರಿಸುತ್ತದೆ. ಕಿಡಿಯ ಸರ್ಕ್ಯೂಟಿನಲ್ಲೇ ಇರುವ ಕಂಡೆನ್ಸರ್ ಎಂಬ ಸಣ್ಣ ಡಬ್ಬಿ ಕೂಡ ಇದೇ ಆಟ ಆಡುತ್ತದೆ.

ತಮ್ಮ, ಒಂದು ಪ್ರಶ್ನೆ. ಇಂಜಿನ್ ಆಫ್ ಇದ್ದಾಗ ಕೀ ಆನ್ ಮಾಡಿಟ್ಟು ಹಾಡು ಕೇಳುವ ಅಭ್ಯಾಸ ಇದೆಯಾ?

ತೀರ್ಥಹಳ್ಳಿ ಹುಡುಗ:
ಇದೆ ಅಣ್ಣ 😅 ಸ್ಟೀರಿಯೋ ವೈರ್ ಇಗ್ನಿಷನ್ನಿಗೇ ಕೊಟ್ಟಿದ್ದಾರೆ. ನಿಮಗೆ ಹೇಗೆ ಗೊತ್ತಾಯಿತು?

ಪಾಯಿಂಟ್ಸ್ ಅಣ್ಣ:
ಪಾಯಿಂಟ್ಸ್ ಅಂದರೆ ಕಾಯಿಲ್‌ನ ಕರೆಂಟನ್ನು ಕೊಟ್ಟು ಕಡಿಯುವ ಸಣ್ಣ ಸ್ವಿಚ್ಚು. ಇಂಜಿನ್ ಆಫ್ ಇದ್ದು ಕೀ ಆನ್ ಇರುವಾಗ ಅದು ಮುಚ್ಚಿಕೊಂಡು ನಿಂತಿದ್ದರೆ ಅಷ್ಟು ಹೊತ್ತೂ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಕಾಯಿಲ್ ಮುಟ್ಟಿದರೆ ಕೈ ಸುಡುತ್ತದೆ. ಕಾಯಿಲ್ ಸಾಯುವುದೇ ಹಾಗೆ.

ಶುದ್ಧ ಪೆಟ್ರೋಲ್:
ನೀವೆಲ್ಲಾ ಅಸಲಿ ಕಳ್ಳನನ್ನು ಬಿಟ್ಟು ಮಾತಾಡುತ್ತಿದ್ದೀರಿ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್! 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಶುರು ಮಾಡಿದರು. ಎಥನಾಲ್ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ತಿನ್ನುತ್ತದೆ, ನೀರು ಎಳೆದುಕೊಳ್ಳುತ್ತದೆ. ಇಂಜೆಕ್ಷನ್ ಗಾಡಿಯಾದರೆ ಸೆನ್ಸರ್ ನೋಡಿ ಪೆಟ್ರೋಲ್-ಗಾಳಿಯ ಅಳತೆ ಸರಿಮಾಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಎಲ್ಲಿಯ ಸೆನ್ಸರ್?

ಬೋಲ್ಟು ನಟ್ಟು:
ಸಾರ್, ನೀವು ಹೇಳಿದ್ದು ಸುಳ್ಳಲ್ಲ. ಆದರೆ ತಿಂದುಹೋದ ರಬ್ಬರ್ ಇಪ್ಪತ್ತು ನಿಮಿಷ ರೆಸ್ಟ್ ಕೊಟ್ಟರೆ ವಾಸಿಯಾಗುತ್ತದಾ? ಸುಮ್ನೆ ಎಲ್ಲಾ ರೋಗಕ್ಕೂ ಇ20 ಅಂದರೆ ಹೇಗೆ?

ತಮ್ಮ, ಗಾಡಿ ನಿಂತ ತಕ್ಷಣ ನೋಡಬೇಕು, ಟೀ ಕುಡಿದು ಬಂದು ಅಲ್ಲ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ವೈರ್ (ಕಾಯಿಲ್‌ನಿಂದ ಬರುವುದು) ಕಿತ್ತು, ತುದಿಯನ್ನು ಬರೀ ಕಬ್ಬಿಣದಿಂದ ಐದಾರು ಮಿಲಿಮೀಟರ್ ದೂರ ಹಿಡಿ. ಕೈಯಲ್ಲಿ ಬೇಡ, ಬಟ್ಟೆ ಒಣಗಿಸುವ ಮರದ ಕ್ಲಿಪ್ಪಿನಲ್ಲಿ. ಅಪ್ಪ ಸೆಲ್ಫ್ ಹೊಡೆಯಲಿ. ಟಕ್ ಟಕ್ ಅಂತ ನೀಲಿ ಕಿಡಿ ಬಂದರೆ ಕರೆಂಟ್ ಸರಿ ಇದೆ, ಕಡಲ ಕರೆಯವರ ದಾರಿ ಹಿಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡ.

ಇನ್ನೊಂದು. ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಹಿಡಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ, ಸರಿ ಇಲ್ಲ. ಹಳೇ ಗಾಡಿಯಲ್ಲಿ ಅರ್ಧ ತೊಂದರೆ ಅಲ್ಲೇ ಇರುತ್ತದೆ.

ತೀರ್ಥಹಳ್ಳಿ ಹುಡುಗ:
ಬೇಕಂತಲೇ ಬಿಸಿಲಲ್ಲಿ ಓಡಿಸಿದೆ. ಮಂಡಗದ್ದೆ ದಾಟುವಾಗ ನಿಂತಿತು. ಕಿಡಿ ಇಲ್ಲವೇ ಇಲ್ಲ! ಕಾಯಿಲ್ ಮುಟ್ಟಲಾಗದಷ್ಟು ಬಿಸಿ. ಗೆಳೆಯನ ಗಾಡಿಯ ಕಾಯಿಲ್ ಕೈಯಲ್ಲೇ ಇತ್ತು. ಹಾಕಿದೆ, ಮೊದಲ ಸೆಲ್ಫ್‌ಗೇ ಎದ್ದಿತು. ಆಮೇಲೆ ಶಿವಮೊಗ್ಗಕ್ಕೆ ಹೋಗಿ ಬಂದೆ, ಒಂದು ಸಲವೂ ನಿಲ್ಲಲಿಲ್ಲ.

ಅರ್ತ್ 0.9 ತೋರಿಸಿತು. ಅರ್ತ್ ವೈರಿನ ಬೋಲ್ಟ್ ಬಿಚ್ಚಿ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದೆ, ಈಗ 0.1. ಹೆಡ್‌ಲೈಟ್ ಕೂಡ ಬೆಳಗಿತು. ಪಂಪಿನ ಪೈಪ್ ಒತ್ತಿದರೆ ಬೆರಳಿಗೆ ಕಪ್ಪು ಅಂಟುತ್ತದೆ, ಅದನ್ನೂ ಬದಲಾಯಿಸುತ್ತಿದ್ದೇನೆ.

ಶುದ್ಧ ಪೆಟ್ರೋಲ್:
ಕಪ್ಪು ಅಂಟುತ್ತದೆ ಅಂದರಲ್ಲ, ಸಾಕು ನನಗೆ.

ಕಡಲ ಕರೆ:
ಶಿವಮೊಗ್ಗ ರಸ್ತೆ ಘಾಟಿ ಅಲ್ಲ ಮಾರಾಯ್ರೆ. ಏಪ್ರಿಲ್ ಬಿಸಿಲಲ್ಲಿ ಆಗುಂಬೆ ಹತ್ತಿಸಿ, ಆಮೇಲೆ ಮಾತಾಡುವ.

ಪಾಯಿಂಟ್ಸ್ ಅಣ್ಣ:
ಹತ್ತಿಸಲಿ. ತಮ್ಮ, ಹಳೇ ಕಾಯಿಲನ್ನು ಸ್ಪೇರ್ ಅಂತ ಡಿಕ್ಕಿಯಲ್ಲಿ ಇಡಬೇಡ. ತಣ್ಣಗಿದ್ದಾಗ ಚೆನ್ನಾಗೇ ಕಿಡಿ ಕೊಡುತ್ತದೆ. ನಿಮ್ಮಪ್ಪ ಅದನ್ನು ನೋಡಿ "ಇದು ಸರಿಯಾಗೇ ಇದೆಯಲ್ಲೋ" ಅಂತ ಮತ್ತೆ ಹಾಕಿಸಿಬಿಡುತ್ತಾರೆ.