ಮೆಡಿಕಲ್ ಶಾಪ್‌ನವರು ಮಾತ್ರೆ ಕೊಟ್ಟರೆ ಸಾಕಾ, ಹೇಗೆ ತಗೋಬೇಕು ಅಂತ ಹೇಳೋದೂ ಅವರ ಕೆಲಸವಾ?

ತೀರ್ಥಹಳ್ಳಿ ಮಗಳು

ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಮ್ಮನಿಗೆ 63 ವರ್ಷ. ಕೈ ಗೆಣ್ಣುಗಳು ಊದಿಕೊಂಡು ಬೆಳಗ್ಗೆ ಎದ್ದರೆ ಕಾಫಿ ಲೋಟ ಹಿಡಿಯೋಕೂ ಆಗುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದೆವು. ರುಮಟಾಯ್ಡ್ ಸಂಧಿವಾತ ಅಂದರು, ಮೆಥೋಟ್ರೆಕ್ಸೇಟ್ ಅನ್ನೋ ಮಾತ್ರೆ ಬರೆದರು. ಅದನ್ನು ವಾರಕ್ಕೆ ಒಂದೇ ದಿನ ತಗೋಬೇಕು, ಉಳಿದ ಆರು ದಿನ ಫೋಲಿಕ್ ಆಸಿಡ್. ಡಾಕ್ಟರ್ ಇದನ್ನು ಹೇಳಿದ್ದರು, ಇಲ್ಲ ಅನ್ನೋದಿಲ್ಲ. ಆದರೆ ಆವತ್ತು ಬರೆದದ್ದು ಒಟ್ಟು ಐದು ಥರ ಮಾತ್ರೆ, ಚೀಟಿ ಇಂಗ್ಲಿಷ್‌ನಲ್ಲಿ, ಅಮ್ಮನಿಗೆ ಓದೋಕೆ ಬರೋದು ಕನ್ನಡ ಮಾತ್ರ. ಎದುರಿನ ಮೆಡಿಕಲ್‌ನಲ್ಲಿ ಐದೂ ಸ್ಟ್ರಿಪ್ ಒಂದೇ ಕವರ್‌ಗೆ ಹಾಕಿ ಬಿಲ್ ಹರಿದು ಕೊಟ್ಟರು. ಒಂದು ಮಾತಿಲ್ಲ.

ಮೆಥೋಟ್ರೆಕ್ಸೇಟೂ ಹಳದಿ, ಫೋಲಿಕ್ ಆಸಿಡ್ಡೂ ಹಳದಿ, ಎರಡೂ ಪುಟ್ಟ ಮಾತ್ರೆ. ಅಮ್ಮ ಅದಲು ಬದಲು ಮಾಡಿಕೊಂಡಳು. ವಾರಕ್ಕೊಮ್ಮೆ ತಗೋಬೇಕಾದದ್ದನ್ನು ವಾರಕ್ಕೆ ಆರು ದಿನ ತಗೊಂಡಳು. ಎರಡು ವಾರ ಕಳೆಯೋದರೊಳಗೆ ಬಾಯಿ ತುಂಬಾ ಹುಣ್ಣು. ಉಷ್ಣ ಆಗಿದೆ ಅಂದುಕೊಂಡು ಎಳನೀರು, ಮಜ್ಜಿಗೆ ಕುಡಿದಳು. ಗಂಜಿ ನುಂಗೋಕೂ ಆಗದೆ ಹೋದಾಗ ಹುಣ್ಣಿಗೆ ಹಚ್ಚೋ ಜೆಲ್ ತರೋಣ ಅಂತ ನಮ್ಮೂರಿನ ಸಣ್ಣ ಮೆಡಿಕಲ್‌ಗೆ ಹೋದಳು. ಅಲ್ಲಿದ್ದ ಹೆಣ್ಣುಮಗಳು ಜೆಲ್ ಕೊಡೋ ಮುಂಚೆ ಕೇಳಿದಳಂತೆ, "ಅಮ್ಮಾ, ಈಗ ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?" ಅಮ್ಮ ಬ್ಯಾಗಿನಿಂದ ಕವರ್ ತೆಗೆದು ಕೌಂಟರ್ ಮೇಲೆ ಸುರಿದಳು. ಆ ಹುಡುಗಿ ಒಂದು ಸ್ಟ್ರಿಪ್ ಎತ್ತಿ ಹಿಡಿದು, "ಇದನ್ನ ಯಾವತ್ತು ತಗೋತೀರಿ?" ಅಂದಳು. "ದಿನಾ."

ಜೆಲ್ ಮಾರಲಿಲ್ಲ ಅವಳು. ಅಮ್ಮನ ಮೊಬೈಲ್‌ನಿಂದಲೇ ನನಗೆ ಫೋನ್ ಮಾಡಿ, ಈ ಮಾತ್ರೆ ಈಗಲೇ ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ ಅಂದಳು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದುಹೋಗಿದ್ದವು. ಎಂಟು ದಿನ ಅಡ್ಮಿಟ್ ಆಗಿದ್ದಳು. ಈಗ ಚೆನ್ನಾಗಿದ್ದಾಳೆ.

ಒಂದು ಅಂಗಡಿ ಒಂದೂ ಮಾತಾಡಲಿಲ್ಲ, ಇನ್ನೊಂದು ಅಂಗಡಿ ಎರಡು ಪ್ರಶ್ನೆ ಕೇಳಿ ನಮ್ಮಮ್ಮನ ಜೀವ ಉಳಿಸಿತು. ಹೀಗೆ ಕೇಳೋದು ಅವರವರ ಒಳ್ಳೆತನವಾ, ಇಲ್ಲಾ ಅವರ ಕೆಲಸವೇ ಅದಾ?

ಹಾಸನದ ಅಂಗಡಿಯವನು

ಓದಿ ಹೊಟ್ಟೆ ಕಲಸಿತು ತಂಗಿ. ನಾನು ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಮಾಡಿ 22 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಅದು ನಮ್ಮ ಕೆಲಸವೇ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಕೌಂಟರ್ ಈ ಕಡೆ ಹೇಗಿರುತ್ತದೆ ಅಂತಲೂ ಹೇಳಬೇಕು. ಸಂಜೆ ಆರರಿಂದ ಒಂಬತ್ತು ಜನ ಮೈಮೇಲೆ ಬೀಳುತ್ತಾರೆ. ಒಬ್ಬರು ಚೀಟಿ ಚಾಚಿದರೆ ಇನ್ನೊಬ್ಬರು ಖಾಲಿ ಸ್ಟ್ರಿಪ್ ತೋರಿಸಿ "ಇದೇ ಕೊಡಿ" ಅನ್ನುತ್ತಾರೆ, ಮತ್ತೊಬ್ಬರಿಗೆ ಬಸ್ಸಿಗೆ ಹೊತ್ತಾಗಿರುತ್ತದೆ. ಬೆಲೆ ನಿಯಂತ್ರಣದಲ್ಲಿರೋ ಔಷಧಿಗೆ ನಮಗೆ ಇಟ್ಟಿರೋ ಮಾರ್ಜಿನ್ 16 ಪರ್ಸೆಂಟ್. ಅದರಲ್ಲೇ ಬಾಡಿಗೆ, ಕರೆಂಟು, ಹುಡುಗರ ಸಂಬಳ. ಐದು ನಿಮಿಷ ಕೂರಿಸಿ ಮಾತಾಡಿದರೆ ಐದು ಪೈಸೆ ಬರೋದಿಲ್ಲ. ನೆಪ ಹೇಳುತ್ತಿಲ್ಲ, ಇರೋದನ್ನು ಹೇಳಿದೆ.

ಮೆಥೋಟ್ರೆಕ್ಸೇಟ್ ಬಂದರೆ ನಾನು ಸ್ಟ್ರಿಪ್ ಮೇಲೇ ಮಾರ್ಕರ್‌ನಲ್ಲಿ "ಸೋಮವಾರ ಮಾತ್ರ" ಅಂತ ದಪ್ಪಗೆ ಬರೆಯುತ್ತೇನೆ. ಫೋಲಿಕ್ ಆಸಿಡ್ ಬೇರೆ ಕವರ್‌ಗೆ. ಓದೋಕೆ ಬರದವರಿಗೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿದಕ್ಕೆ ಚಂದ್ರ ಬರೆದುಕೊಡುತ್ತೇನೆ. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ದಿನಾಂಕ ಇರೋ ತುದಿಯನ್ನು ಕೊನೇವರೆಗೂ ಉಳಿಸಬೇಕು ಅಂತ ಹುಡುಗರಿಗೆ ದಿನಾ ಹೇಳುತ್ತೇನೆ, ದಿನಾ ಯಾರೋ ಒಬ್ಬ ಮರೆಯುತ್ತಾನೆ.

ತುಮಕೂರು ಡಾಕ್ಟರ್

ನಾನು ಚರ್ಮರೋಗದ ವೈದ್ಯ. ಔಷಧಿ ಅಂಗಡಿಯವರು ರೋಗಿಗೆ ತಿಳಿಸಿ ಹೇಳಬೇಕು, ಖಂಡಿತ. ನನಗೆ ಇರೋ ಭಯ ಬೇರೆ. ಹೇಳೋದು ಹೋಗಿ ತಾವೇ ಔಷಧಿ ಬರೆಯೋ ಹಂತಕ್ಕೆ ಬಂದುಬಿಡುತ್ತಾರೆ. ನನ್ನ ಹತ್ತಿರ ಬರೋ ಹುಳಕಡ್ಡಿ ಕೇಸ್‌ಗಳಲ್ಲಿ ಎಷ್ಟೋ ಜನ ಮೊದಲೇ ಮೆಡಿಕಲ್‌ನಿಂದ ಮೂರು ನಾಲ್ಕು ಟ್ಯೂಬ್ ಹಚ್ಚಿಕೊಂಡು ಬಂದಿರುತ್ತಾರೆ. ಎಲ್ಲದರಲ್ಲೂ ಸ್ಟೆರಾಯ್ಡ್. ಹಚ್ಚಿದ ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೆ ಫಂಗಸ್ ಹರಡುತ್ತಲೇ ಇರುತ್ತದೆ, ತೊಡೆಸಂದಿಯ ಚರ್ಮ ತೆಳ್ಳಗಾಗಿ ಗೆರೆ ಬಿದ್ದುಬಿಡುತ್ತದೆ. ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಆದೇಶ ಆಗಿದೆ. ಇವತ್ತಿಗೂ ಕೇಳಿದರೆ ಸಿಗುತ್ತದೆ, ಅಲ್ವಾ?

ಜ್ವರ ಅಂದರೆ ಮೂರು ಆಂಟಿಬಯೋಟಿಕ್ ಮಾತ್ರೆ ಕತ್ತರಿಸಿ ಕೊಡೋದು ಇನ್ನೊಂದು ಕಥೆ. ಜಾಸ್ತಿ ಅಧಿಕಾರ ಕೊಡೋ ಮಾತು ಆಮೇಲೆ, ಮೊದಲು ಇದು ನಿಲ್ಲಲಿ.

ರಾಯಚೂರು ಮಂದಿ

ಡಾಕ್ಟ್ರೇ, ನಿಮ್ಮ ಮಾತು ತುಮಕೂರಿಗೆ ಸರಿ. ನಮ್ಮೂರಿಂದ ತಾಲ್ಲೂಕು ಆಸ್ಪತ್ರೆ 24 ಕಿಲೋಮೀಟರ್. ಸಂಜೆ ಮೇಲೆ ಬಸ್ ಇಲ್ಲ. ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಬಂದರೆ ಬಾಗಿಲು ತಟ್ಟೋದು ಮೆಡಿಕಲ್ ಅಣ್ಣನ ಮನೆದು. ದುಡ್ಡು ಇಲ್ಲದಿದ್ದರೆ ಹತ್ತಿ ಬೆಳೆ ಬಂದ ಮೇಲೆ ಕೊಡು ಅನ್ನುತ್ತಾನೆ. ಅವನಿಗೆ ಮಾತಾಡಬೇಡ ಅಂದರೆ ನಾವು ಯಾರನ್ನು ಕೇಳಬೇಕು ಹೇಳಿ? ಅವನಿಗೆ ಸರಿಯಾಗಿ ಕಲಿಸಿ, ಇಷ್ಟು ಮಾಡು, ಇಷ್ಟರ ಆಚೆ ಹೋಗಬೇಡ ಅಂತ ಗೆರೆ ಹಾಕಿ ಕೊಡಿ. ಬೈದರೆ ಅವನು ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋಗುತ್ತಾನೆ, ನಷ್ಟ ನಮಗೆ.

ತುಮಕೂರು ಡಾಕ್ಟರ್

ನೀವು ಹೇಳಿದ್ದು ನನ್ನ ತಲೆಗೆ ಬಂದಿರಲಿಲ್ಲ, ಒಪ್ಪುತ್ತೇನೆ. ಆ ಗೆರೆ ಬೇಕು. ಮಗುವಿಗೆ ತೂಕ ನೋಡಿ ಪ್ಯಾರಾಸಿಟಮಾಲ್ ಎಷ್ಟು ಎಂಎಲ್ ಅಂತ ಹೇಳೋದು, ವಾಂತಿ ಭೇದಿಗೆ ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು ಅಂತ ತೋರಿಸೋದು, ಇದನ್ನು ಅವರು ಮಾಡಲಿ. ಮಗು ಮಂಕಾಗಿದೆ, ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತಿದೆ ಅಂತ ಕಂಡರೆ "ನನ್ನ ಹತ್ತಿರ ಔಷಧಿ ಇಲ್ಲ, ಗಾಡಿ ಮಾಡಿಕೊಂಡು ಈಗಲೇ ಹೋಗು" ಅನ್ನಬೇಕು. ತೀರ್ಥಹಳ್ಳಿಯ ಆ ಹೆಣ್ಣುಮಗಳು ಜೆಲ್ ಮಾರದೆ ಕಳಿಸಿದಳಲ್ಲ, ನಾನು ಕೇಳೋದು ಅದನ್ನೇ.

ಮೈಸೂರು ಫಾರ್ಮ್‌ಡಿ

ನಾನು ಫಾರ್ಮ್‌ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಮುಗಿಸಿದವಳು. ಆರು ವರ್ಷದ ಕೋರ್ಸ್, ನಮ್ಮ ದೇಶದಲ್ಲಿ 2008ರಲ್ಲಿ ಶುರುವಾಯಿತು. ವಾರ್ಡ್‌ನಲ್ಲಿ ಡಾಕ್ಟರ್ ಜೊತೆ ರೌಂಡ್ಸ್ ಹೋಗಿ, ರೋಗಿ ಪಕ್ಕ ನಿಂತು ಕಲಿತ ವಿದ್ಯೆ ಇದು. ಪ್ರಶ್ನೆಗೆ ನೇರ ಉತ್ತರ ಹೇಳುತ್ತೇನೆ. ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು 2015ರಲ್ಲೇ ಬಂದಿವೆ. ರೋಗಿಗೆ ಔಷಧಿ ಬಗ್ಗೆ ತಿಳಿಸಿ ಹೇಳೋದು ರಿಜಿಸ್ಟರ್ಡ್ ಫಾರ್ಮಸಿಸ್ಟ್ ಕೆಲಸ ಅಂತ ಅದರಲ್ಲಿ ಬರೆದಿದೆ. ಚೀಟಿಯ ಔಷಧಿಯನ್ನು ರಿಜಿಸ್ಟರ್ಡ್ ಫಾರ್ಮಸಿಸ್ಟ್ ಬಿಟ್ಟು ಬೇರೆಯವರು ಕೊಡುವ ಹಾಗಿಲ್ಲ ಅನ್ನೋದಂತೂ 1948ರ ಫಾರ್ಮಸಿ ಕಾಯ್ದೆಯಲ್ಲೇ ಇದೆ.

ಹಾಗಾದರೆ ಯಾಕೆ ನಡೆಯೋದಿಲ್ಲ? ಎಷ್ಟೋ ಅಂಗಡಿಯಲ್ಲಿ ಗೋಡೆ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಒಬ್ಬರದು, ಕೌಂಟರ್‌ನಲ್ಲಿ ನಿಂತವರು ಇನ್ನೊಬ್ಬರು. ತಿಂಗಳಿಗಿಷ್ಟು ಅಂತ ಸರ್ಟಿಫಿಕೇಟ್ ಬಾಡಿಗೆಗೆ ಹೋಗುತ್ತದೆ. ನನ್ನನ್ನೂ ಕೇಳಿದ್ದರು, "ನೀವು ಬರೋದೇ ಬೇಡ ಮೇಡಂ, ಸರ್ಟಿಫಿಕೇಟ್ ಕೊಡಿ ಸಾಕು" ಅಂತ. ಆವತ್ತು ಮನೆಗೆ ಬಂದು ಅತ್ತೆ. ಆರು ವರ್ಷ ಓದಿದ್ದು ಗೋಡೆಗೆ ಮೊಳೆ ಹೊಡೆಯೋಕಾ?

ಇನ್‌ಹೇಲರ್ ಕಥೆ ಕೇಳಿ. ವಾರ್ಡ್‌ನಲ್ಲಿ ಒಬ್ಬರು ಅಜ್ಜ, ಆಸ್ತಮಾ, ಪದೇ ಪದೇ ಅಡ್ಮಿಟ್. ಔಷಧಿ ಬದಲಾಯಿಸಿದ್ದಾಯಿತು, ಡೋಸ್ ಏರಿಸಿದ್ದಾಯಿತು. "ತಾತ, ಹೇಗೆ ಎಳೀತೀರಿ ತೋರಿಸಿ" ಅಂದೆ. ಬಾಯಿ ಅಗಲ ತೆರೆದು ಪುಸ್ ಅಂತ ಒತ್ತಿದರು, ಅಷ್ಟೂ ನಾಲಿಗೆ ಮೇಲೆ ಬಿತ್ತು, ಬಾಯಿಂದ ಬೀಡಿ ಹೊಗೆ ಥರ ಆಚೆ ಬಂತು. ಶ್ವಾಸಕೋಶಕ್ಕೆ ಹೋದದ್ದು ಏನೂ ಇಲ್ಲ. ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸೋ ಕೊಳವೆ) ಹಾಕಿ, ನಿಧಾನ ಎಳೆದು ಹತ್ತು ಎಣಿಸೋವರೆಗೆ ಉಸಿರು ಹಿಡಿಯೋದು, ಆಮೇಲೆ ಬಾಯಿ ಮುಕ್ಕಳಿಸೋದು, ಇಷ್ಟನ್ನು ಮೂರು ಸಲ ಮಾಡಿಸಿದೆ. ಇದನ್ನು ಮೊದಲ ಇನ್‌ಹೇಲರ್ ಕೊಟ್ಟ ದಿನವೇ ಅಂಗಡಿಯಲ್ಲಿ ಮಾಡಿಸಬಹುದಿತ್ತು.

ಥೈರಾಯ್ಡ್ ಮಾತ್ರೆಯನ್ನು ಕಾಫಿ ಜೊತೆ ನುಂಗೋರು, ಅದರ ಜೊತೆಗೇ ಕ್ಯಾಲ್ಸಿಯಂ ತಗೊಳ್ಳೋರು ಎಷ್ಟು ಜನ! ಖಾಲಿ ಹೊಟ್ಟೆಗೆ ನೀರಲ್ಲಿ ತಗೊಂಡು ಅರ್ಧ ಗಂಟೆಯಾದರೂ ಬಿಟ್ಟು ಕಾಫಿ ಕುಡಿಯಬೇಕು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ ಇರಬೇಕು. ಇನ್ಸುಲಿನ್‌ನಲ್ಲಂತೂ ಬಾಟಲಿ 40ರದ್ದು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್‌ನದು ಇದ್ದರೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. 100ರ ಸಿರಿಂಜ್‌ನದು ಕಿತ್ತಳೆ ಮುಚ್ಚಳ. ಬದಲಾದರೆ ಡೋಸ್ ಪೂರ್ತಿ ತಪ್ಪುತ್ತದೆ.

ಬೆಂಗಳೂರು ಟೆಕ್ಕಿ

ಎಲ್ಲ ಅಂಗಡಿಯವರ ಮೇಲೆ ಯಾಕೆ ಹಾಕುತ್ತೀರಿ? ಗೂಗಲ್ ಮಾಡಿದರೆ ಸಿಗುತ್ತದೆ. ನಾನು ಆನ್‌ಲೈನ್‌ನಲ್ಲಿ ತರಿಸುತ್ತೇನೆ, ಡಿಸ್ಕೌಂಟೂ ಜಾಸ್ತಿ. ತಮ್ಮ ಮಾತ್ರೆ ಬಗ್ಗೆ ತಾವೇ ತಿಳಿದುಕೊಳ್ಳಬೇಕು.

ತೀರ್ಥಹಳ್ಳಿ ಮಗಳು

ನಮ್ಮಮ್ಮ ಗೂಗಲ್ ಮಾಡೋದಿಲ್ಲ ಸಾರ್. ಬಾಯಿಹುಣ್ಣಿಗೂ ಕೈನೋವಿನ ಮಾತ್ರೆಗೂ ಸಂಬಂಧ ಇದೆ ಅಂತ ಗೊತ್ತಿದ್ದರೆ ತಾನೇ ಹುಡುಕೋದು? ಓದಿದವಳು ನಾನು, ನನಗೇ ಹೊಳೆಯಲಿಲ್ಲ. ಮನೆ ಬಾಗಿಲಿಗೆ ಬರೋ ಡಬ್ಬಿ "ಬೇರೆ ಏನು ತಗೋತಿದೀರಾ ಅಮ್ಮಾ" ಅಂತ ಕೇಳೋದಿಲ್ಲ.

ಲೀಡ್ಸ್ ಕನ್ನಡಿಗ

ನಾನು ಇಂಗ್ಲೆಂಡ್‌ನಲ್ಲಿದ್ದೇನೆ. ಇಲ್ಲಿ 2024ರ ಜನವರಿ 31ರಿಂದ ಫಾರ್ಮಸಿ ಫಸ್ಟ್ ಅಂತ ಬಂದಿದೆ. ಗಂಟಲು ನೋವು, ಸೈನಸ್, ಕಿವಿನೋವು, ಸರ್ಪಸುತ್ತು, ಹೆಂಗಸರ ಉರಿಮೂತ್ರ, ಹೀಗೆ ಏಳು ತೊಂದರೆಗೆ ಫಾರ್ಮಸಿಸ್ಟೇ ನೋಡಿ, ಬೇಕಿದ್ದರೆ ಆಂಟಿಬಯೋಟಿಕ್ಕೂ ಕೊಡಬಹುದು. ಆದರೆ ಯಾರಿಗೆ, ಯಾವುದು, ಎಷ್ಟು ದಿನ ಅಂತ ಬರೆದಿಟ್ಟ ನಿಯಮದ ಒಳಗೇ. ನನಗೆ ಬಿಪಿ ಮಾತ್ರೆ ಹೊಸದಾಗಿ ಶುರುವಾದಾಗ ಅವರೇ ಫೋನ್ ಮಾಡಿ ಕಾಲು ಊದಿದೆಯಾ, ತಲೆ ಸುತ್ತುತ್ತಾ ಅಂತ ಕೇಳಿದರು, ಎರಡು ವಾರ ಬಿಟ್ಟು ಮತ್ತೆ ಕೇಳಿದರು. ಹೊಸ ಔಷಧಿ ಶುರು ಮಾಡಿದವರಿಗೆ ಅಂತಲೇ ಈ ಸೇವೆ 2011ರಿಂದ ಇದೆ. ಮುಖ್ಯ ಏನೆಂದರೆ, ಈ ಮಾತಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅವರಿಗೆ ದುಡ್ಡು ಕೊಡುತ್ತದೆ.

ಹಾಸನದ ಅಂಗಡಿಯವನು

ಕೇಳೋಕೆ ಚೆಂದ ಅಣ್ಣ. ಅಲ್ಲಿ ಸರ್ಕಾರ ಕೊಡುತ್ತದೆ. ಇಲ್ಲಿ ನಾನು ಮಾತಿಗೆ 20 ರೂಪಾಯಿ ಕೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಮಾತೂ ಇಲ್ಲ, ಮೇಲೆ 15 ಪರ್ಸೆಂಟ್ ಕಡಿತ. ಡಾಕ್ಟ್ರು ಹೇಳಿದ ಆಂಟಿಬಯೋಟಿಕ್ ವಿಷಯಕ್ಕೂ ಬರುತ್ತೇನೆ. 2014ರ ಮಾರ್ಚ್‌ನಿಂದ ಎಚ್1 ಅನ್ನೋ ಪಟ್ಟಿಯ ಔಷಧಿಗಳಿಗೆ (ಕೆಲವು ಆಂಟಿಬಯೋಟಿಕ್ ಅದರಲ್ಲಿವೆ) ರಿಜಿಸ್ಟರ್ ಇದೆ. ಆ ಪಟ್ಟಿಯ ಔಷಧಿ ಕೊಟ್ಟರೆ ಡಾಕ್ಟರ್ ಹೆಸರು, ರೋಗಿ ಹೆಸರು, ಎಷ್ಟು ಕೊಟ್ಟೆವು ಎಲ್ಲ ಬರೆದು ಮೂರು ವರ್ಷ ಇಡಬೇಕು. ನಾನು ಬರೆಯುತ್ತೇನೆ. ಚೀಟಿ ಇಲ್ಲದೆ ಕೊಡೋದಿಲ್ಲ ಅಂದಾಗ ಎಷ್ಟೋ ಗಿರಾಕಿಗಳು ಬೈದು ಹೋಗಿದ್ದಾರೆ, ಮತ್ತೆ ಬಂದಿಲ್ಲ. ಇದಕ್ಕೆ ಯಾರೂ ಜೊತೆ ನಿಲ್ಲೋದಿಲ್ಲ, ಆ ಬೇಜಾರು ನನಗಿದೆ.

ಆದರೂ ದುಡ್ಡು ಬರೋವರೆಗೆ ಕಾಯಬೇಕಾಗಿಲ್ಲ. ತಂಗಿ ಬರೆದದ್ದು ಓದಿ ಒಂದು ತೀರ್ಮಾನ ಮಾಡಿದೆ. ನಾಳೆಯಿಂದ ಇನ್ಸುಲಿನ್, ಇನ್‌ಹೇಲರ್, ಮೆಥೋಟ್ರೆಕ್ಸೇಟ್, ರಕ್ತ ತೆಳು ಮಾಡೋ ಮಾತ್ರೆ, ಈ ನಾಲ್ಕನ್ನು ಹುಡುಗರು ಕೊಡೋ ಹಾಗಿಲ್ಲ. ನಾನೇ ಕೊಡುತ್ತೇನೆ, "ಹೇಗೆ ತಗೋತೀರಿ ನೀವೇ ಒಂದ್ಸಲ ಹೇಳಿ" ಅಂತ ಕೇಳಿಯೇ ಕೊಡುತ್ತೇನೆ.

ಹುಬ್ಬಳ್ಳಿ ಓದುಗ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಮೈಸೂರು ಮೇಡಂ ಬರೆದದ್ದು ನೋಡಿ ಈಗ ಫ್ರಿಜ್ ತೆಗೆದು ನೋಡಿದೆ. ಅಪ್ಪನ ಬಾಟಲಿ ಮೇಲೆ 40 ಅಂತ ಇದೆ. ಸಿರಿಂಜ್ ಮುಚ್ಚಳ ಕಿತ್ತಳೆ, ಅದರ ಮೇಲೆ 100. ಅಪ್ಪ 30ರ ಗೆರೆವರೆಗೆ ಎಳೆಯುತ್ತಾರೆ. ಶುಗರ್ ಇಳಿಯುತ್ತಿಲ್ಲ ಅಂತ ಎರಡು ತಿಂಗಳಲ್ಲಿ ಎರಡು ಸಲ ಡೋಸ್ ಏರಿಸಿದ್ದಾರೆ. ಕೆಂಪು ಮುಚ್ಚಳದ್ದು ತಂದು ಇವತ್ತೇ ಬದಲಾಯಿಸಲಾ?

ಮೈಸೂರು ಫಾರ್ಮ್‌ಡಿ

ಬೇಡ, ನೀವಾಗಿ ಬದಲಾಯಿಸಬೇಡಿ! ಈ ಸಿರಿಂಜ್‌ನಲ್ಲಿ 30ರ ಗೆರೆ ಅಂದರೆ ನಿಜವಾಗಿ ಹೋಗುತ್ತಿರೋದು 12 ಯೂನಿಟ್. ಕೆಂಪು ಮುಚ್ಚಳದ್ದರಲ್ಲಿ ಅದೇ 30ಕ್ಕೆ ಎಳೆದರೆ ಒಂದೇ ಸಲಕ್ಕೆ ಎರಡೂವರೆ ಪಟ್ಟು ಆಗುತ್ತದೆ, ಶುಗರ್ ಧಡ್ ಅಂತ ಬಿದ್ದುಬಿಡಬಹುದು. ಅಪ್ಪನನ್ನು ನೋಡೋ ಡಾಕ್ಟರ್‌ಗೆ ಈಗಲೇ ಫೋನ್ ಮಾಡಿ.

ತುಮಕೂರು ಡಾಕ್ಟರ್

ಅವರು ಹೇಳಿದ್ದು ಸರಿ. ಫೋನ್‌ನಲ್ಲಿ "30 ತಗೋತಿದ್ದಾರೆ" ಅನ್ನಬೇಡಿ. 40ರ ಬಾಟಲಿ, 100ರ ಸಿರಿಂಜ್, 30ರ ಗೆರೆ, ಮೂರನ್ನೂ ಹೇಳಿ.

ಹುಬ್ಬಳ್ಳಿ ಓದುಗ

ಮಾತಾಡಿದೆ. ಡಾಕ್ಟ್ರು ಒಂದು ನಿಮಿಷ ಸುಮ್ಮನಾಗಿಬಿಟ್ಟರು. ಇವತ್ತು ರಾತ್ರಿ ಇದೇ ಸಿರಿಂಜ್, ಇದೇ ಗೆರೆ ಇರಲಿ, ನಾಳೆ ಬೆಳಗ್ಗೆ ಬಾಟಲಿ, ಸಿರಿಂಜ್ ಎರಡೂ ತಗೊಂಡು ಬನ್ನಿ, ಹೊಸದಾಗಿ ಡೋಸ್ ಬರೆಯುತ್ತೇನೆ ಅಂದರು. ಸಿರಿಂಜ್ ಕೊಟ್ಟ ಅಂಗಡಿಗೂ ನಾಳೆ ಹೋಗುತ್ತೇವೆ. ಜಗಳಕ್ಕಲ್ಲ. ಅಲ್ಲಿಂದ ಇನ್ಸುಲಿನ್ ಒಯ್ಯೋರು ನಮ್ಮ ಓಣಿಯಲ್ಲೇ ಇನ್ನೂ ಮೂರು ಜನ ಇದ್ದಾರೆ.